ಎಡಗಡೆಯ ಸದ್ದು

ನಮ್ಮೂರಿನಲ್ಲಿ ಗ್ಯಾರೇಜ್ ಇಲ್ಲ. ಹೋಟೆಲುಗಳಿವೆ, ಕಟಿಂಗ್ ಶಾಪುಗಳಿವೆ, ಸ್ಪೇರ್ ಪಾರ್ಟ್ಸ್ ಅಂಗಡಿಗಳಂತೂ ಸಂತೆಬೀದಿಯ ಉದ್ದಕ್ಕೂ ಇವೆ. ಗ್ಯಾರೇಜ್ ಮಾತ್ರ ಇಲ್ಲ. ಹಿಂದೊಮ್ಮೆ ಹೊರಗಿನಿಂದ ಬಂದ ಒಬ್ಬ, ಪಾಪ, ಒಳ್ಳೆಯ ಕೆಲಸಗಾರನೇ, ಬಸ್ ಸ್ಟ್ಯಾಂಡಿನ ಎದುರು ಬೋರ್ಡು ಹಾಕಿಕೊಂಡು ಕೂತ. ಬೇಡಪ್ಪ ಅಂತ ಹೇಳಿದೆವು, ಕೇಳಲಿಲ್ಲ. ಸೋಮಾರಿಗಳು ಯಾವ ಊರಿನಲ್ಲಿಲ್ಲ? ಗಾಡಿ ತಂದು ತಂದು ಕೊಟ್ಟರು. ವಾರ ಕಳೆಯುವಷ್ಟರಲ್ಲಿ ಅವನ ಬಾಡಿಗೆ ಮನೆಯ ಮುಂದೆ ಬೆಳಗಾಗುತ್ತಲೇ ಕಾರುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಬಾಗಿಲು ತೆಗೆಯಲಾಗದೆ ಹಿತ್ತಲ ಗೋಡೆ ಹಾರಿ ಹೋದವನು ತಿರುಗಿ ಬರಲಿಲ್ಲ. ಆ ಕಾರುಗಳನ್ನು ಮನೆಗೆ ಕರೆತರಲು ಮಾಲೀಕರು ಪಟ್ಟ ಪಾಡು ಆ ಶಿವನಿಗೇ ಗೊತ್ತು.

ವಿಷಯ ಇಷ್ಟೇ. ನಮ್ಮೂರಿನಲ್ಲಿ ಕಾರು ತನ್ನನ್ನು ಕೊನೆಯದಾಗಿ ರಿಪೇರಿ ಮಾಡಿದವರ ಮನೆಗೆ ಹೋಗುತ್ತದೆ. ಹಗಲೆಲ್ಲ ನೀವು ಎಲ್ಲಿಗೆ ಬೇಕಾದರೂ ಓಡಿಸಿ, ಎಲ್ಲಿ ಬೇಕಾದರೂ ನಿಲ್ಲಿಸಿ. ಕೋಳಿ ಕೂಗುವ ಹೊತ್ತಿಗೆ ಅದು ತಾನಾಗಿ ಹೊರಟು ಅವರ ಬಾಗಿಲಲ್ಲಿ ನಿಂತಿರುತ್ತದೆ. ಅಮಾವಾಸ್ಯೆಯ ಬೆಳಿಗ್ಗೆ ಯಾರ ಬಾಗಿಲಲ್ಲಿರುತ್ತದೋ ಅವರೇ ಅದಕ್ಕೆ ಕುಂಕುಮ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು, ಕಾಯಿ ಒಡೆಯಬೇಕು. ಕಾಯಿ ಒಡೆದ ಮೇಲೆ ಗಾಡಿ ಅವರದೇ. ಆಮೇಲೆ ಪಂಚಾಯ್ತಿಗೆ ಹೋದರೂ ಅಷ್ಟೇ, ಪೊಲೀಸರ ಹತ್ತಿರ ಹೋದರೂ ಅಷ್ಟೇ.

ಅದಕ್ಕೇ ನಮ್ಮ ಕಾರು ನಾವೇ ಬಿಚ್ಚುತ್ತೇವೆ, ನಾವೇ ಕಟ್ಟುತ್ತೇವೆ. ಹುಡುಗನನ್ನು ನೋಡಲು ಹೋದವರು ಮೊದಲು ಅವನ ಉಗುರು ನೋಡುತ್ತಾರೆ, ಗ್ರೀಸ್ ಇಲ್ಲದಿದ್ದರೆ ಉಪ್ಪಿಟ್ಟು ತಿಂದು ಎದ್ದು ಬರುತ್ತಾರೆ. ಯಾರಾದರೂ ತೀರಿಕೊಂಡರೆ ಅವರ ಕಾರು ಬೆಳಗಾಗುತ್ತಲೇ ಸ್ಮಶಾನದ ಗೇಟಿನಲ್ಲಿ ನಿಲ್ಲುತ್ತದೆ. ಹನ್ನೊಂದನೆಯ ದಿನ ವಾರಸುದಾರರು ಅಲ್ಲಿಗೇ ಹೋಗಿ ಎಂಜಿನ್ ಆಯಿಲ್ ಬದಲಾಯಿಸಿ ಮನೆಗೆ ತರಬೇಕು. ಇನ್ನೊಂದು ಮರ್ಯಾದೆ ಇದೆ: ಬೇರೆಯವರ ಕಾರಿನ ಹತ್ತಿರ ಹೋದರೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುವುದು. ನಡೆಯಲು ಕಲಿತ ಕೂಸಿಗೆ ನಾವು ಕಲಿಸುವ ಮೊದಲ ಪಾಠವೇ ಅದು.

ನಮ್ಮ ಯಜಮಾನರದು ಹಳೆಯ ಬಿಳಿ ಕಾರು. ಯಜಮಾನರ ಹೆಸರು ನಾನು ಹೇಳುವುದಿಲ್ಲ, ಊರಿಗೆಲ್ಲ ಗೊತ್ತಿರುವುದೇ. ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಮ್ಮ ಮದುವೆಯ ವರ್ಷವೇ ಆ ಕಾರು ಮನೆಗೆ ಬಂತು. ಅವತ್ತಿನಿಂದ ಅದರ ಒಂದು ಸ್ಕ್ರೂವನ್ನೂ ಅವರು ಬೇರೆಯವರಿಗೆ ಮುಟ್ಟಲು ಬಿಟ್ಟಿಲ್ಲ, ನನಗೂ ಬಿಟ್ಟಿಲ್ಲ. ಪ್ರತಿ ಬೆಳಿಗ್ಗೆ ಅದು ಜಗಲಿಗೆ ಮೂತಿ ಕೊಟ್ಟು, ಅವರು ಪೇಪರ್ ಓದುವ ಕುರ್ಚಿಯ ಎದುರಿಗೇ ನಿಂತಿರುತ್ತಿತ್ತು. ನಾನು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಸುತ್ತಲ ಊರಿನ ಅಂಗಡಿಗಳಿಗೆ ಹಾಕುವವಳು. ಅವರು ಓಡಿಸುವುದು, ನಾನು ಎಡಗಡೆ ಸೀಟಿನಲ್ಲಿ ರೊಟ್ಟಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂರುವುದು. ನನಗೂ ಓಡಿಸಲು ಬರುತ್ತದೆ. ನಮ್ಮಣ್ಣ ಕಲಿಸಿದ್ದ, ಲೈಸೆನ್ಸ್ ಕೂಡ ಇದೆ. ಆದರೆ ಸ್ಟೀರಿಂಗ್ ಕೇಳಿದರೆ ನಮ್ಮ ಯಜಮಾನರು ಆಸ್ತಿಯನ್ನೇ ಬರೆದುಕೊಡಿ ಅಂದ ಹಾಗೆ ನೋಡುತ್ತಿದ್ದರು.

ಎಡಗಡೆ ಕೂತವಳಿಗೆ ಎಡಗಡೆಯ ಸುಖದುಃಖ ಗೊತ್ತಿರುತ್ತದೆ. ಒಂದು ಸಲ ಕೆರೆ ಏರಿಯ ಮೇಲೆ ಬಲಕ್ಕೆ ತಿರುಗುವಾಗ ನನ್ನ ಕಾಲಡಿಯಿಂದ ಗುರ್ ಎನ್ನುವ ಸದ್ದು ಬಂತು. ನೇರ ಹೋಗುವಾಗ ಸಣ್ಣಗೆ, ಬಲಕ್ಕೆ ತಿರುಗಿದರೆ ಜೋರು, ಎಡಕ್ಕೆ ತಿರುಗಿದರೆ ಗಪ್‌ಚಿಪ್. ಮುಂದಿನ ವಾರವೂ ಬಂತು, ಅದರ ಮುಂದಿನ ವಾರವೂ ಬಂತು.

"ರೀ, ಎಡಗಡೆ ಗಾಲ್ಯಾಗೆ ಏನೋ ಗುರ್ ಅಂತೈತೆ ಕಣ್ರೀ."

"ಗಾಲ್ಯಾಗಲ್ಲ, ನಿನ್ ಕಿವ್ಯಾಗೆ ದುಂಬಿ ಹೊಕ್ಕೈತೆ."

ಪ್ರತಿ ಸಲವೂ ಇದೇ ಉತ್ತರ. ನಾನೇನು ಸುಮ್ಮನಿರುವವಳೇ? ಹೇಳಿದೆ, ಬೈದೆ, ಒಂದು ದಿನ ಮಾತು ಬಿಟ್ಟೆ. ಅವರ ದುಂಬಿ ಮಾತ್ರ ಹಾರಿಹೋಗಲಿಲ್ಲ. ಇರಲಿ, ಒಂದಲ್ಲ ಒಂದು ದಿನ ಈ ಮಾತನ್ನು ಬಡ್ಡಿ ಸಮೇತ ವಾಪಸ್ ಕೊಡುತ್ತೇನೆ ಅಂತ ಮನಸ್ಸಿನಲ್ಲೇ ಗಂಟು ಕಟ್ಟಿಟ್ಟೆ.

ಅವತ್ತು ಅಮಾವಾಸ್ಯೆಗೆ ಇನ್ನೆರಡು ದಿನ ಇತ್ತು. ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಲು ಬಾಗಿಲು ತೆಗೆದರೆ ಎದುರಿಗೆ ಕಾರಿಲ್ಲ. ಕಾರು ನಿಲ್ಲುವ ಜಾಗದಲ್ಲಿ ನಾಯಿ ಮಲಗಿತ್ತು. ನಮ್ಮೂರಿನ ಹೆಂಗಸಿಗೆ ಅದರ ಅರ್ಥ ಯಾರೂ ಹೇಳಿಕೊಡಬೇಕಾಗಿಲ್ಲ. ಕೊಡ ಅಲ್ಲೇ ಬಿಟ್ಟು ಬೀದಿಗೆ ಓಡಿದೆ. ಬೀದಿಯ ತುದಿಯಲ್ಲಿ, ಹಾಲಪ್ಪನ ಮನೆಯ ಮುಂದೆ, ನಮ್ಮ ಬಿಳಿ ಕಾರು ಹುಟ್ಟಿದಾಗಿನಿಂದ ಅಲ್ಲೇ ಇದ್ದ ಹಾಗೆ ನಿಂತಿತ್ತು.

ಹೋಗಿ ಹೋಗಿ ಹಾಲಪ್ಪನ ಮನೆ! ನಮ್ಮವರೂ ಅವನೂ ಒಂದು ಕಾಲದಲ್ಲಿ ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿಂದವರು. ಕಾರ್ಬೊರೇಟರನ್ನು ಪೆಟ್ರೋಲಿನಲ್ಲಿ ತೊಳೆಯಬೇಕೋ ಸೀಮೆಎಣ್ಣೆಯಲ್ಲಿ ತೊಳೆಯಬೇಕೋ ಎಂಬ ಮಾತಿಗೆ ಜಗಳವಾಗಿ, ಅಂದಿನಿಂದ ಎದುರಿಗೆ ಸಿಕ್ಕರೂ ಮುಖ ನೋಡುತ್ತಿರಲಿಲ್ಲ. ಹಾಲಪ್ಪನ ಹೆಂಡತಿ ಕೊಟ್ರಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಏನ್ ಶಾಂತಕ್ಕ, ನಿಮ್ ಗಾಡಿ ನನ್ ರಂಗೋಲಿ ಮ್ಯಾಲೆ ಬಂದು ನಿಂತೈತಲ್ಲ! ನಮಗಿರೋ ಒಂದು ಗಾಡಿ ತಿಕ್ಕೋದೇ ಸಾಕಾಗೈತೆ, ಇದೊಂದ್ ಬೇರೆ ಕೇಡು."

"ನಿನ್ ರಂಗೋಲಿ ಹಾಳಾಗ್ಲಿ, ನಿನ್ ಗಂಡನ್ನ ಕರಿ ಮೊದ್ಲು," ಅಂದೆ.

ಹಾಲಪ್ಪ ತಲೆ ತಗ್ಗಿಸಿಕೊಂಡು ಬಂದ. ಹಿಂದಿನ ದಿನ ಸಂಜೆ ಹಳ್ಳದ ಸೇತುವೆಯ ಹತ್ತಿರ ನಮ್ಮ ಕಾರಿನ ಕ್ಲಚ್ ಕೇಬಲ್ ತುಂಡಾಗಿತ್ತಂತೆ. ನಮ್ಮವರ ಹತ್ತಿರ ಹೊಸ ಕೇಬಲ್ ಇತ್ತು, ನಟ್ಟು ಬಿಗಿಯುವ ಪಾನಾ ಇತ್ತು. "ನಟ್ ಕೂರಿಸೋಕೆ ಹೋಗ್ತಾರೆ ಅಕ್ಕ, ಕೈಯಿಂದ ಜಾರಿ ಬೀಳುತ್ತೆ. ಮಣ್ಣಾಗೆ ಹುಡುಕ್ತಾರೆ, ಮತ್ತೆ ಕೂರಿಸ್ತಾರೆ, ಮತ್ತೆ ಬೀಳುತ್ತೆ. ನಾನು ಗಾಡಿ ನಿಲ್ಸಿ ನೋಡ್ದೆ. ಎಷ್ಟೊತ್ತು ಅಂತ ನೋಡ್ಲಿ ಅಕ್ಕ? ಕರುಳು ಚುರ್ ಅಂತು. ಹೋಗಿ ಹಾಕ್ದೆ. ಅವರೂ ಮಾತಾಡ್ಲಿಲ್ಲ, ನಾನೂ ಮಾತಾಡ್ಲಿಲ್ಲ. ಗಾಡಿ ಹತ್ತಿದ್ರು, ಹೋದ್ರು."

ಕಾರು ಹತ್ತಿ ನಾನೇ ಓಡಿಸಿಕೊಂಡು ಮನೆಗೆ ಬಂದೆ. ಎಷ್ಟೋ ವರ್ಷದ ಮೇಲೆ ಸ್ಟೀರಿಂಗ್ ಹಿಡಿದಿದ್ದೆ, ಅದರ ಖುಷಿಯನ್ನೂ ಪಡಲಾಗಲಿಲ್ಲ.

ನಮ್ಮವರು ಜಗಲಿಯ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದರು. ಸುಡು ಬೇಸಿಗೆಯಲ್ಲಿ ಶಾಲು! ಹೋಗಿ ಎದುರಿಗೆ ನಿಂತೆ.

"ಕೈ ತೋರ್ಸಿ."

"ಏನೈತೆ ಕೈಯಾಗೆ, ನಿನಗೇನು ಶಾಸ್ತ್ರ ಹೇಳಕ್ಕೆ ಬರುತ್ತಾ?"

ಶಾಲು ಎಳೆದೆ. ಎಸರು ಕುದಿಯುವಾಗ ಪಾತ್ರೆಯ ಮೇಲಿನ ತಟ್ಟೆ ಆಡುತ್ತದಲ್ಲ, ಹಾಗೆ ಅವರ ಎರಡು ಕೈಯೂ ಆಡುತ್ತಿದ್ದವು. ಆಗ ನನಗೆ ಒಂದೊಂದಾಗಿ ಹೊಳೆಯಿತು. ಮನೆಯಲ್ಲೇ ಗಡ್ಡ ಹೆರೆದುಕೊಳ್ಳುತ್ತಿದ್ದವರು ಕಟಿಂಗ್ ಶಾಪಿಗೆ ಹೋಗತೊಡಗಿದ್ದು, ಚಹಾ ಅರ್ಧ ಲೋಟವೇ ಸಾಕು ಅನ್ನುತ್ತಿದ್ದದ್ದು. ವಯಸ್ಸಾದ ಮೇಲೆ ಇವರಿಗೆ ಶೋಕಿ ಹತ್ತಿದೆ ಅಂತ ನಾನು ಕೊಟ್ರಮ್ಮನ ಹತ್ತಿರ ನಕ್ಕಿದ್ದೆ. ಸಿಟ್ಟು ಬಂತು, ಅಳುವೂ ಬಂತು. ಅಳುವುದಕ್ಕಿಂತ ಬೈಯುವುದು ನನಗೆ ಸಲೀಸು.

"ನಿಮ್ ಬಾಯಿಗೆ ಏನಾಗಿತ್ತು? ನಾನೇನು ಹೊರಗಿನೋಳಾ?"

"ಹೇಳಿ ಏನ್ ಮಾಡೋದೈತೆ," ಅಂದರು. "ಡಾಕ್ಟ್ರು ಮಾತ್ರೆ ಕೊಟ್ಟವ್ರೆ. ಇದಕ್ಕಿಂತ ಹೆಚ್ಚಾಗದಂಗೆ ನೋಡ್ಕೋಬೋದು, ಮೊದಲಿನಂಗೆ ಆಗಲ್ಲ ಅಂದ್ರು. ಬಿಡು ಶಾಂತಿ. ಅಮಾಸೆಗೆ ಹಾಲಪ್ಪನೇ ಕಾಯಿ ಒಡೀಲಿ. ಕೈ ಇಲ್ಲದೋನಿಗೆ ಗಾಡಿ ಯಾಕೆ?"

"ಓಹೋ, ಒಡೀಲಿ! ನನ್ ರೊಟ್ಟಿ ಬುಟ್ಟಿ ಯಾರ್ ತಲೆ ಮ್ಯಾಲೆ ಹೊರಿಸ್ತೀರಿ? ಗಾಡಿ ನಿಮ್ಮೊಬ್ಬರ ಮರ್ಯಾದೆ ಅಲ್ಲ, ನನ್ ಅನ್ನ. ನಾನೇ ರಿಪೇರಿ ಮಾಡ್ತೀನಿ."

ಅವರು ನಕ್ಕರು. "ಏನ್ ರಿಪೇರಿ ಮಾಡ್ತಿ? ಕೆಟ್ಟಿದ್ದ ಕೇಬಲ್ ಹಾಲಪ್ಪ ಹಾಕ್ಯಾನೆ. ಚೆನ್ನಾಗೇ ಹಾಕ್ಯಾನೆ ಹಾಳಾದೋನು."

ಅವರ ಮಾತು ನಿಜವೇ. ಕೆಡದಿದ್ದನ್ನು ರಿಪೇರಿ ಮಾಡಿದರೆ ಕಾರು ಒಪ್ಪುವುದಿಲ್ಲ. ಎಣ್ಣೆ ಮಂಡಿಯ ಬಸೆಟ್ಟಪ್ಪನ ಮಗ ತಾನೇ ಒಂದು ಬೋಲ್ಟ್ ಸಡಿಲಿಸಿ, ತಾನೇ ಬಿಗಿ ಮಾಡಿ ಭಾವನ ಕಾರು ಹೊಡೆದುಕೊಳ್ಳಲು ನೋಡಿದ್ದ. ಆ ಕಾರು ಇವನ ಮನೆಗೂ ಬರಲಿಲ್ಲ, ಭಾವನ ಮನೆಗೂ ಹೋಗಲಿಲ್ಲ. ಕೆರೆಯ ಅಂಗಳಕ್ಕೆ ಇಳಿದು ನಿಂತಿದ್ದು ಈಗಲೂ ಅಲ್ಲೇ ಇದೆ, ಅದರೊಳಗೆ ಕಾಗೆ ಗೂಡು ಕಟ್ಟಿದೆ.

"ಕೆಟ್ಟಿದ್ದು ಐತಲ್ಲ," ಅಂದೆ. "ಎಡಗಡೆ ಗಾಲಿ."

ದುಂಬಿಯ ಮಾತು ಈಗ ಬರುತ್ತದೆ ಅಂತ ಕಾದೆ. ಬರಲಿಲ್ಲ. ಅವರು ಗೋಡೆ ನೋಡುತ್ತ ಕೂತರು. ನನಗೆ ಅನುಮಾನ ಬಂತು. ಅವರು ಸಾಮಾನು ಇಡುವ ಬಿಸ್ಕತ್ತಿನ ಡಬ್ಬ ಅಟ್ಟದಿಂದ ಇಳಿಸಿ, ಜಗಲಿಯ ಮೇಲೆ ಸುರಿದೆ. ವಾಷರು, ಪಿನ್ನು, ಫ್ಯೂಸು, ಇವುಗಳ ನಡುವೆ ಎಣ್ಣೆ ಕಾಗದದಲ್ಲಿ ಸುತ್ತಿದ ಭಾರದ್ದೊಂದು ಪೊಟ್ಟಣ. ಬಿಚ್ಚಿದರೆ ಗಾಲಿಯ ಬೇರಿಂಗು. ಒಂದಲ್ಲ, ಒಳಗಿನದು ಹೊರಗಿನದು ಎರಡೂ, ಹೊಚ್ಚ ಹೊಸವು.

"ಗೊತ್ತಿತ್ತಾ ನಿಮಗೆ?"

ಅವರು ತಲೆಯಾಡಿಸಿದರು. "ನೀ ಮೊದಲ ಸಲ ಹೇಳ್ದಾಗ್ಲೇ ಗೊತ್ತಾತು. ನನಗೂ ಕೇಳ್ತಿತ್ತು. ಮಾರನೇ ದಿನಾನೇ ತಂದೆ. ಬಿಚ್ಚೋಣ ಅಂತ ಕೂತ್ರೆ ಪಿನ್ ಹಿಡಿಯಕ್ಕಾಗ್ಲಿಲ್ಲ. ಸದ್ದು ಐತೆ ಅಂತ ಒಪ್ಕಂಡ್ರೆ, ಮತ್ಯಾಕೆ ಬಿಚ್ಚಲ್ಲ ಅಂತ ನೀ ಕೇಳ್ತಿದ್ದೆ. ಏನ್ ಹೇಳ್ಲಿ?"

ಇಷ್ಟು ದಿನ ನನ್ನ ಕಿವಿಯನ್ನೇ ನಾನು ಅನುಮಾನಿಸಿದ್ದೆ. ಒಂದು ಸಲ ಗುಟ್ಟಾಗಿ ಕಿವಿಗೆ ಎಣ್ಣೆ ಕೂಡ ಬಿಟ್ಟುಕೊಂಡಿದ್ದೆ. ಆ ಬೇರಿಂಗು ತೆಗೆದು ಅವರ ತಲೆಗೇ ಎಸೆಯಬೇಕು ಅನ್ನಿಸಿದ್ದು ಸುಳ್ಳಲ್ಲ. ಆದರೆ ಆ ಕೈ ನೋಡಿದೆ. ಒಂದಿಡೀ ಎಂಜಿನ್ನನ್ನು ಇಳಿಸಿ ಮತ್ತೆ ಕೂರಿಸಿದ ಕೈ ಅದು.

"ನಾಳೆ ಬೆಳಿಗ್ಗೆ ಬಿಚ್ಚೋದು," ಅಂದೆ. "ನೀವು ಬಾಯಾಗೆ ಹೇಳಿ, ನಾ ಕೈಯಾಗೆ ಮಾಡ್ತೀನಿ. ಬಾಯಿ ಏನೂ ನಡುಗಂಗಿಲ್ಲ ಅಲ್ವಾ ನಿಮ್ದು?"

ಮಾರನೆಯ ದಿನವೂ ಕಾರು ಬೆಳಗಾಗುತ್ತಲೇ ಹಾಲಪ್ಪನ ಮನೆಗೆ ಹೋಗಿತ್ತು. ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿ, ಸೀರೆಯ ಸೆರಗು ಸೊಂಟಕ್ಕೆ ಬಿಗಿದೆ. ಹೆಂಗಸು ಗಾಲಿ ಬಿಚ್ಚುತ್ತಾಳಂತೆ ಅಂತ ಬೀದಿಯೆಲ್ಲ ಬಂದು ನಿಂತಿತು, ಎಲ್ಲರ ಕೈಯೂ ಬೆನ್ನ ಹಿಂದೆ. ನಮ್ಮವರು ಸ್ಟೂಲಿನ ಮೇಲೆ ಕೂತು ತಮ್ಮ ಕೈಯನ್ನೂ ಹಿಂದೆ ಕಟ್ಟಿಕೊಂಡರು. ತಮ್ಮ ಕಾರಿನ ಮುಂದೆ ಅವರು ಹಾಗೆ ಕೂತಿದ್ದು ನಾನು ನೋಡಿದ್ದು ಅದೇ ಮೊದಲು.

ಗಾಲಿಯ ನಟ್ಟುಗಳು ಅಲುಗಲಿಲ್ಲ. ಪಾನಾಕ್ಕೆ ಉದ್ದನೆಯ ಪೈಪು ಸಿಕ್ಕಿಸಿ ಒತ್ತಿದೆ, ಇಲ್ಲ. ಹಾಲಪ್ಪನಿಗೆ ತಡೆಯಲಾಗಲಿಲ್ಲ, ಅಕ್ಕ ಅನ್ನುತ್ತ ಒಂದು ಹೆಜ್ಜೆ ಮುಂದೆ ಬಂದ.

"ಕೈ ಹಿಂದಿಡ್ರೀ!" ಅಂತ ಕೊಟ್ರಮ್ಮ ಗಂಡನ ಮೊಣಕೈಗೆ ಹೊಡೆದಳು. "ಇನ್ನೊಂದ್ ಸಲ ನನ್ ರಂಗೋಲಿ ಹಾಳಾಗ್ಬೇಕಾ?"

ಜನ ನಕ್ಕರು. ನಾನು ಜೋಳದ ರೊಟ್ಟಿ ಬಡಿದು ಬಡಿದು ಗಟ್ಟಿಯಾದ ತೋಳಿನವಳು, ಮೈಯಲ್ಲೂ ತೂಕಕ್ಕೇನು ಕಮ್ಮಿಯಿಲ್ಲ. ಪೈಪಿನ ಮೇಲೆ ಹತ್ತಿ ನಿಂತೇಬಿಟ್ಟೆ. ಕಿರ್ ಅಂತ ನಟ್ಟು ಸಡಿಲವಾಯಿತು. ಒಂದು ಬಂದ ಮೇಲೆ ಉಳಿದವೂ ಬಂದವು.

ಆಮೇಲೆ ಅವರು ಹೇಳಿದ ಹಾಗೆ ಜ್ಯಾಕ್ ಏರಿಸಿ, ಕಲ್ಲು ಕೊಟ್ಟು, ಗಾಲಿ ತೆಗೆದೆ. ಟೋಪಿಯಂಥ ಮುಚ್ಚಳ ತೆಗೆದೆ, ಪಿನ್ನು ಎಳೆದೆ, ನಟ್ಟು ಬಿಚ್ಚಿದೆ. ಹಳೆಯ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಎತ್ತಿ ಹಿಡಿದರೆ ಉರುಳೆಗಳ ಮೇಲೆಲ್ಲ ಸಿಡುಬಿನ ಕಲೆಯ ಹಾಗೆ ಗುಳಿ. ಅದನ್ನು ಬೀದಿಯ ಜನರ ಮುಖಕ್ಕೆ ಒಬ್ಬೊಬ್ಬರಿಗೇ ಹಿಡಿದು ತೋರಿಸಿದೆ.

"ನೋಡ್ಕಳಿ, ಇದು ನನ್ ಕಿವ್ಯಾಗಿದ್ದ ದುಂಬಿ!"

ನಮ್ಮವರು ಮುಖ ಕೆಳಗೆ ಹಾಕಿ ನಕ್ಕರು. ಒಳಗೆ ಕಚ್ಚಿ ಕೂತಿದ್ದ ಬೇರಿಂಗಿನ ಹಳೆಯ ಬಳೆಯನ್ನು ಸುತ್ತಿಗೆಯಿಂದ ಬಡಿದು ಉದುರಿಸುವುದು ಕಷ್ಟವಾಯಿತು. ಬೆರಳು ಜಜ್ಜಿಕೊಂಡೆ, ಕೆಟ್ಟ ಮಾತೂ ಆಡಿದೆ. ಹೊಸದಕ್ಕೆ ಗ್ರೀಸ್ ತುಂಬುವುದನ್ನು ಮಾತ್ರ ಯಾರೂ ಹೇಳಿಕೊಡಬೇಕಾಗಲಿಲ್ಲ. ಅಂಗೈಯಲ್ಲಿ ಗ್ರೀಸ್ ಇಟ್ಟು, ಬೇರಿಂಗನ್ನು ಒತ್ತಿ ಒತ್ತಿ, ಹೋಳಿಗೆಗೆ ಹೂರಣ ತುಂಬಿದ ಹಾಗೆ ಸಂದು ಬಿಡದಂತೆ ತುಂಬಿದೆ. ಅದನ್ನು ನೋಡಿ ಅವರು "ಭಲೇ" ಅಂದರು. ನನ್ನ ಹೋಳಿಗೆಗೂ ಅವರು ಯಾವತ್ತೂ ಹಾಗೆ ಅಂದವರಲ್ಲ.

ಕೊನೆಗೆ ಗಾಲಿ ಮತ್ತೆ ಏರಿಸಿ, ನಡುವಿನ ನಟ್ಟು ಬಿಗಿ ಮಾಡುವುದು. "ಗಾಲಿ ತಿರುಗಿಸ್ತಾ ಬಿಗಿ ಮಾಡು. ಈಗ ಸ್ವಲ್ಪ ಸಡ್ಲ ಬಿಡು. ಅಷ್ಟಲ್ಲ, ಇನ್ನೊಂದಿಷ್ಟು ಬಿಗಿ."

ನಾನು ಗಾಲಿ ತಿರುಗಿಸಿ ಕಿವಿ ಕೊಟ್ಟೆ. "ಇಲ್ಲ, ಬ್ಯಾಡ. ಬಿಗಿ ಆದ್ರೆ ಅಳುತ್ತೆ. ಈಗ ಸರಿ ಐತೆ."

ಅವರು ಸ್ಟೂಲಿನಿಂದ ಬಗ್ಗಿ ಗಾಲಿಗೆ ಕಿವಿ ಕೊಟ್ಟರು. "ಹ್ಞೂಂ," ಅಂದರು, "ನಿನ್ ಕಿವಿ ಹೇಳಿದಂಗೆ ಬಿಡು."

ಪಿನ್ನು ಹಾಕುವುದೊಂದೇ ಉಳಿದಿತ್ತು. ನಟ್ಟಿನ ತೂತಿಗೆ ಅದು ಹೋಗದೆ ನಾನು ತಡಕಾಡುತ್ತಿದ್ದಾಗ ಪಕ್ಕದಲ್ಲಿ ಅವರ ಕೈ ಬಂತು. ಬೆನ್ನ ಹಿಂದಿನಿಂದ ತಾನಾಗಿ ಬಂದ ಕೈ ಅದು. ಪಿನ್ನಿನ ಹತ್ತಿರ ಬಂದು ಗಾಳಿಯಲ್ಲೇ ನಡುಗುತ್ತ ನಿಂತಿತು. ಅವರೂ ಅದನ್ನು ನೋಡಿದರು, ನಾನೂ ನೋಡಿದೆ. ಆಮೇಲೆ ಮೆಲ್ಲಗೆ ಅದನ್ನು ಹಿಂದಕ್ಕೆ ತೆಗೆದುಕೊಂಡು, ಇನ್ನೊಂದು ಕೈಯಿಂದ ಹಿಡಿದು, ಬೆನ್ನ ಹಿಂದೆ ಕಟ್ಟಿಕೊಂಡರು. ನನ್ನ ಕಣ್ಣು ತುಂಬಿ ತೂತು ಕಾಣದಾಯಿತು. ಹೇಗೋ ಪಿನ್ನು ಹಾಕಿ, ತುದಿ ಬಗ್ಗಿಸಿ, ಮುಚ್ಚಳ ಬಡಿದು ಎದ್ದೆ.

ಆ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ. ನನ್ನ ಕೆಲಸದ ಮೇಲೆ ನನಗೆ ನಂಬಿಕೆಯಿತ್ತು. ಅವರು ಮಾತ್ರ ಅಮಾವಾಸ್ಯೆಯ ಬೆಳಿಗ್ಗೆ ಕೋಳಿ ಕೂಗುವ ಮೊದಲೇ ಎದ್ದು ಜಗಲಿಗೆ ಹೋಗಿದ್ದರು. ಹೊರಗಿನಿಂದ ಕೂಗಿದರು. "ಹೋತು ಕಣೇ ಶಾಂತಿ!"

ಓಡಿ ಬಂದೆ. ಜಗಲಿಯ ಮುಂದೆ ಕಾರಿಲ್ಲ. ಅವರು ಕುರ್ಚಿಯಲ್ಲಿ ಕುಸಿದು ಕೂತಿದ್ದರು. ನಾನು ಬೀದಿಯ ತುದಿಯವರೆಗೂ ಓಡಿದೆ. ಕೊಟ್ರಮ್ಮ ಆಗ ತಾನೇ ರಂಗೋಲಿ ಹಾಕಿ ಏಳುತ್ತಿದ್ದಳು. ರಂಗೋಲಿ ನೆಟ್ಟಗಿತ್ತು, ಅದರ ಮೇಲೆ ಗಾಡಿಯಿರಲಿಲ್ಲ. ಹಾಗಾದರೆ ಎಲ್ಲಿಗೆ ಹೋಯಿತು? ಬಸೆಟ್ಟಪ್ಪನ ಮಗನ ಕಾರು, ಕಾಗೆ ಗೂಡು ಎಲ್ಲ ಕಣ್ಣ ಮುಂದೆ ಬಂತು. ತಿರುಗಿ ಮನೆಗೆ ಬಂದೆ. ಕಾಯಿ ಒಡೆಯುವ ಭಾಗ್ಯವಂತೂ ಇಲ್ಲ, ಒಲೆಯನ್ನಾದರೂ ಹಚ್ಚೋಣ ಅಂತ ಅಡುಗೆಮನೆಗೆ ಹೋಗಿ ಹಿತ್ತಲ ಬಾಗಿಲು ತೆಗೆದೆ.

ಬಾಗಿಲಿಗೆ ಅಡ್ಡವಾಗಿ ಕಾರಿನ ಮೂತಿ! ಪಕ್ಕದ ಬಂಡಿದಾರಿಯಿಂದ ಹಿತ್ತಲಿಗೆ ನುಗ್ಗಿ, ನನ್ನ ಕೊತ್ತಂಬರಿ ಮಡಿಯನ್ನೆಲ್ಲ ತುಳಿದು, ನಾನು ರೊಟ್ಟಿ ಬಡಿಯುವ ಜಾಗಕ್ಕೆ ಮುಖ ಕೊಟ್ಟು ನಿಂತಿತ್ತು. ಬೈಯಬೇಕೋ ಮುದ್ದಿಸಬೇಕೋ ತಿಳಿಯಲಿಲ್ಲ, ಎರಡನ್ನೂ ಮಾಡಿದೆ. ನನ್ನ ಕೂಗು ಕೇಳಿ ಅವರು ಬಂದರು. ಕಾರನ್ನು ನೋಡಿದರು, ಅದು ಯಾವ ಕಡೆ ಮುಖ ಮಾಡಿದೆ ಎನ್ನುವುದನ್ನೂ ನೋಡಿದರು. ಮುಖದಲ್ಲಿ ಒಂದು ಕ್ಷಣ ನೋವು ಕಾಣಿಸಿತು, ಇಲ್ಲ ಅನ್ನುವುದಿಲ್ಲ. ಆಮೇಲೆ ಒಳಗೆ ಹೋಗಿ ತೆಂಗಿನಕಾಯಿ ತಂದು ನನ್ನ ಕೈಗೆ ಕೊಟ್ಟರು.

"ನೀನೇ ಒಡಿ," ಅಂದರು. ಒಂದೇ ಏಟಿಗೆ ಒಡೆದೆ.

ಪೂಜೆಯ ಮೇಲೆ ರೊಟ್ಟಿ ಹಾಕಲು ಹೊರಟೆವು. ಅವರು ಅಭ್ಯಾಸಬಲದಿಂದ ಬಲಗಡೆ ಬಾಗಿಲಿಗೆ ಹೋಗಿ, ನಿಂತು, ಸುತ್ತಿ ಬಂದು ಎಡಗಡೆ ಕೂತರು. ಬುಟ್ಟಿಯನ್ನು ಅವರ ತೊಡೆಯ ಮೇಲಿಟ್ಟೆ. ಅವರ ಕೈ ನಡುಗಿದ ಹಾಗೆಲ್ಲ ಬುಟ್ಟಿಯೊಳಗೆ ಖಡಕ್ ರೊಟ್ಟಿ ಸಣ್ಣಗೆ ಸದ್ದು ಮಾಡುತ್ತಿತ್ತು. ಕೆರೆ ಏರಿಯ ಮೇಲೆ ಬಲಕ್ಕೆ ತಿರುಗಿಸಿದೆ. ಗುರ್ ಇಲ್ಲ, ಏನಿಲ್ಲ. ನನ್ನ ಜಂಬ ಆಕಾಶಕ್ಕೆ ಏರಿತು. ಆಗ ಅವರು ಕತ್ತು ಓರೆ ಮಾಡಿ ಕೇಳಿಸಿಕೊಂಡರು.

"ಲೇ, ಹಿಂದುಗಡೆ ಏನೋ ಕಟ ಕಟ ಅಂತೈತೆ ಕಣೇ."

ನನಗೇನೂ ಕೇಳಿಸಲಿಲ್ಲ. ಇಷ್ಟು ದಿನ ಬಡ್ಡಿ ಸಮೇತ ಗಂಟು ಕಟ್ಟಿಟ್ಟಿದ್ದ ದುಂಬಿ ನಾಲಿಗೆಯ ತುದಿಗೆ ಬಂದು ಕೂತಿತು. ಬಾಯಿ ತೆರೆದೆ. ಅವರು ನನ್ನನ್ನೇ ನೋಡುತ್ತಿದ್ದರು, ಅದೇ ಉತ್ತರಕ್ಕೆ ಕಾದವರ ಹಾಗೆ. ಬಾಯಿ ಮುಚ್ಚಿದೆ. ಏರಿಯ ಪಕ್ಕಕ್ಕೆ ಗಾಡಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದೆ.

"ಯಾವ ಕಡೆ? ಇಳೀರಿ, ನೋಡೋಣ."

ಬುಟ್ಟಿ ಸೀಟಿನ ಮೇಲಿಟ್ಟು ಇಳಿದರು. ನಾನು ಡಿಕ್ಕಿ ತೆಗೆದು ಪಾನಾ ಹುಡುಕಿ ತಿರುಗಿದರೆ, ಅವರು ಗಾಡಿಯ ಹಿಂದೆ ದೂರ ನಿಂತು ಬೆನ್ನ ಹಿಂದೆ ಕೈ ಕಟ್ಟಿಕೊಂಡಿದ್ದರು.

"ಯಾಕ್ರೀ ಕೈ ಹಿಂದೆ?" ಅಂದೆ. "ಮಂದಿ ಗಾಡಿಯೇನ್ ಇದು? ಹಿಡ್ಕಳಿ ಪಾನಾ."